ಸೊಸೆ ಕರೆಯದ ಹೆಸರು

"ಹೆಸರು ಹಿಡಿದು ಕರೀರಿ ಎಜೆ," ಎಂದ ಉಲಾನ್. "ಕಿವಿ ಹತ್ರ. ಜೋರಾಗಿ ಬೇಡ. ಮನೇಲಿ ಹೇಗೆ ಕರೀತೀರೋ ಹಾಗೆ."

ಜಿಪಾರ್ ಬಗ್ಗಿದಳು. ಮಾವನ ಕಿವಿಯೊಳಗೆ ಬಿಳಿ ಕೂದಲು ಬೆಳೆದಿತ್ತು. ಬಾಯಿ ತೆರೆದಳು. ಬಂದದ್ದು ಕೆಮ್ಮು.

"ಮನೇಲಿ ಕರೆಯಲ್ಲ," ಎಂದಳು.

"ಮತ್ತೆ ಏನಂತೀರಿ?"

"ಅತಾ ಅಂತೀನಿ. ಎಲ್ಲ ಸೊಸೆಯರೂ ಮಾವನ್ನ ಅಪ್ಪ ಅನ್ನೋ ಹಾಗೆ. ಅತಾ."

"ಏನು ಮಗಳೇ?" ಎಂದಿತು ಪಕ್ಕದ ಹಾಸಿಗೆ.

ಪಕ್ಕದ ಹಾಸಿಗೆಯಲ್ಲಿ ತೋಕ್ತೋಸುನ್ ಎಂಬ ಮುದುಕ. ಎದೆ ಕೊಯ್ಸಿಕೊಂಡು, ಹೊಲಿಸಿಕೊಂಡು, ಈಗ ಮಾತಾಡಲು ಯಾರೂ ಸಿಗದೆ ನರಳುತ್ತಿದ್ದ. ಅತಾ ಎಂದರೆ ಓಗೊಡುವುದು ಬಿಶ್ಕೇಕಿನ ಪ್ರತಿಯೊಬ್ಬ ಮುದುಕನ ಹಕ್ಕು.

"ನಿಮ್ಮನ್ನಲ್ಲ ಅತಾ. ಮಲಗಿ."

"ಕರೀತೀರಿ, ಆಮೇಲೆ ನಿಮ್ಮನ್ನಲ್ಲ ಅಂತೀರಿ. ನನ್ನ ಸೊಸೇನೂ ಹಿಂಗೇ."

ಉಲಾನ್ ಈ ವಾರ್ಡಿನ ವೈದ್ಯ, ಅವಳ ಹಳೆಯ ವಿದ್ಯಾರ್ಥಿ. ಇಷ್ಟು ವರ್ಷ ಪ್ರೊಫೆಸರ್ ಎನ್ನುತ್ತಿದ್ದವನು, ಮಾವನನ್ನು ಇಲ್ಲಿಗೆ ತಂದ ಮೇಲೆ ಎಜೆ, ಅಕ್ಕ, ಎನ್ನತೊಡಗಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. ವೈದ್ಯರು ಸುಮ್ಮಸುಮ್ಮನೆ ನೆಂಟರಾಗುವುದಿಲ್ಲ.

ಮಾವ ಮನೆಯ ಹೊಸ್ತಿಲಲ್ಲಿ ಬೂಟಿನ ದಾರ ಕಟ್ಟಲು ಬಗ್ಗಿದವನು ಏಳಲಿಲ್ಲ. ಹೃದಯ ಬಡಿಯುವುದನ್ನು ಬಿಟ್ಟು ಅದುರತೊಡಗಿತ್ತು. ಆ ಅದುರುವಿಕೆಗೆ ಹೆಸರಿದೆ, ಅದರ ಮೇಲೆ ಜಿಪಾರ್ ಬರೆದ ಲೇಖನಗಳಿವೆ. ಆಂಬುಲೆನ್ಸ್ ಬರುವವರೆಗೆ ಎದೆ ಒತ್ತಿದ್ದು ಅವಳೇ. ಒಂದು ಪಕ್ಕೆಲುಬು ಮುರಿದದ್ದು ಅಂಗೈಗೆ ಗೊತ್ತಾಯಿತು. ಮಾವನ ಮೈ ಮುಟ್ಟಿದ್ದು ಅದೇ ಮೊದಲು.

ವಿದ್ಯುತ್ತಿನ ಪೆಟ್ಟು ಕೊಟ್ಟ ಮೇಲೆ ಬಡಿತ ದಾರಿಗೆ ಬಂತು. ಉಸಿರೂ ತಾನಾಗಿ ಆಡುತ್ತಿತ್ತು. ಮನುಷ್ಯ ಮಾತ್ರ ಮರಳಲಿಲ್ಲ.

ಒಳಗಿದ್ದಾರೋ ಇಲ್ಲವೋ, ಅದು ಇವತ್ತು ಗೊತ್ತಾಗಬೇಕಿತ್ತು. ಹೊರಗೆ ಮೈದುನ ಸಮಾತ್ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಪ್ಪನನ್ನು ಊರಿಗೆ, ಕೊಚ್ಕೊರಿನ ಮನೆಗೆ ಒಯ್ಯುತ್ತೇನೆ, ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಸಾಯುವುದು ಬೇಡ, ಎಂದು ಬಂದಿದ್ದ. ಮಧ್ಯಾಹ್ನದವರೆಗೆ ತಡಿ ಎಂದಿದ್ದಳು ಜಿಪಾರ್. ಒಂದು ಪರೀಕ್ಷೆ ಇದೆ, ನನ್ನದೇ ಪರೀಕ್ಷೆ.

ಕಬ್ಬಿಣ. ಈ ಪದವನ್ನು ಅವಳು ಮನೆಯಲ್ಲಿ ತನ್ನ ಭಾಷೆಯಲ್ಲಿ ಹೇಳುವಂತಿರಲಿಲ್ಲ. ಮಾವನ ಹೆಸರಿನಲ್ಲಿ ಕಬ್ಬಿಣವಿತ್ತು. ಮಾವನ ಹೆಸರನ್ನಷ್ಟೇ ಅಲ್ಲ, ಅದರೊಳಗಿನ ಪದವನ್ನೂ ಸೊಸೆಯ ನಾಲಗೆ ಮುಟ್ಟಬಾರದು. ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿದೆ ಎಂದು ಅತ್ತೆಗೆ ಹೇಳಬೇಕಾದಾಗ ರಷ್ಯನ್ನಿನಲ್ಲಿ ಹೇಳಿದ್ದಳು. ವಿಜ್ಞಾನಿಯಾದದ್ದರಿಂದ ಇಂಥ ಅನುಕೂಲಗಳಿವೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸೊಸೆಯೇ ನುಂಗಿಕೊಂಡದ್ದನ್ನು ಕಥೆ ಉಗುಳಿದರೆ ಚೆನ್ನಾಗಿರುವುದಿಲ್ಲ.

ಹೃದಯಕ್ಕೆ ಎರಡು ನರ, ಒಂದು ಚಾಟಿ, ಇನ್ನೊಂದು ಲಗಾಮು, ಎಂದು ಅವಳು ತರಗತಿಯಲ್ಲಿ ಶುರುಮಾಡುತ್ತಿದ್ದಳು. ಕುದುರೆ ಗೊತ್ತಿಲ್ಲದ ಹುಡುಗರು ಅಲ್ಲಿ ಇರಲಿಲ್ಲ. ಲಗಾಮು ಹಿಡಿದ ಕೈ ಮೆದುಳಿನಲ್ಲಿದೆ. ಸವಾರ ನಿದ್ದೆ ಹೋದರೂ ಆ ಕೈ ಒಮ್ಮೊಮ್ಮೆ ಎಚ್ಚರವಾಗಿರುತ್ತದೆ. ಆಪ್ತರ ದನಿಯಲ್ಲಿ ತನ್ನ ಹೆಸರು ಕೇಳಿದರೆ ಒಂದು ಸಲ ಜಗ್ಗುತ್ತದೆ. ಬಡಿತ ಅರೆಕ್ಷಣ ತಡೆದು ಮುಂದೆ ಹೋಗುತ್ತದೆ. ಆ ಅರೆಕ್ಷಣವನ್ನು ಅಳೆಯುವುದರಲ್ಲಿ ಅವಳ ಯೌವನ ಕಳೆದಿತ್ತು.

ಮೊದಮೊದಲು ಕುರಿಯ ಹೃದಯಗಳು. ಸಂತೆಯ ಕಟುಕ ದಿನವೂ ಹೃದಯ ಒಯ್ಯುವ ಈ ಹೆಂಗಸು ಎಲ್ಲೋ ಹೋಟೆಲು ಇಟ್ಟಿದ್ದಾಳೆಂದು ತಿಳಿದು, ಸಮೋಸ ಹೇಗೆ ಹೋಗ್ತಿದೆ ಎಂದು ವಿಚಾರಿಸುತ್ತಿದ್ದ. ಪರವಾಗಿಲ್ಲ ಎನ್ನುತ್ತಿದ್ದಳು. ಆಮೇಲೆ ಮನುಷ್ಯರು. ವಿಯೆನ್ನಾ, ಸಿಯೋಲ್, ಸಮ್ಮೇಳನಗಳು, ಚಪ್ಪಾಳೆ.

ಬೆಳಿಗ್ಗೆ ನರ್ಸು ಹೆಸರು ಕರೆದಿದ್ದಳು. ಉಲಾನ್ ಕರೆದಿದ್ದ. ಪರದೆಯ ಮೇಲಿನ ಬಡಿತದ ಗೆರೆ ಬದಲಾಗಲಿಲ್ಲ.

"ಗೊತ್ತಿರೋ ದನಿ ಬೇಕು," ಎಂದ ಉಲಾನ್. "ನೀವೇ ಕಲಿಸಿದ್ದು."

"ಗೊತ್ತು."

"ಯಾರಿದ್ದಾರೆ? ಹೆಸರು ಹಿಡಿದು ಕರೆಯೋರು?"

ಜಿಪಾರ್ ಯೋಚಿಸಿದಳು. ಅತ್ತೆ ಇಲ್ಲ. ಇದ್ದಿದ್ದರೂ ಅವಳು ಗಂಡನನ್ನು 'ಏ, ಇಲ್ಲಿ ಕೇಳಿ' ಎಂದೇ ಕರೆದವಳು. ಮಾವನ ಅಣ್ಣಂದಿರು ಇಲ್ಲ. ಜೊತೆಗೆ ಕುರಿ ಕಾಯ್ದ ಗೆಳೆಯರು ಒಬ್ಬೊಬ್ಬರಾಗಿ ಗುಡ್ಡದ ಮೇಲಿನ ಗೋರಿಗಳಿಗೆ ಹೋಗಿದ್ದರು. ಆ ಹೆಸರು ಪಿಂಚಣಿ ಕಚೇರಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ.

ಅವಳು ಪರೀಕ್ಷಿಸಿದ್ದೆಲ್ಲ ಇಪ್ಪತ್ತರ ಹುಡುಗರನ್ನು. ಅವರ ಅಮ್ಮಂದಿರು ದಿನಕ್ಕೆ ಹತ್ತು ಸಲ ಹೆಸರು ಕೂಗಿ ಬೈಯುತ್ತಿದ್ದರು. ಯಾರೂ ಹೆಸರಿಂದ ಕರೆಯದ ಒಬ್ಬ ಮುದುಕನನ್ನು ಅವಳು ಒಮ್ಮೆಯೂ ಅಳೆದಿರಲಿಲ್ಲ. ಅಂಥವನು ಅವಳ ಮನೆಯಲ್ಲೇ ಕೂತು ಚಹಾ ಕುಡಿಯುತ್ತಿದ್ದ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಅವಳು ಹೊರಗೆ ಹೋದಳು. ಸಮಾತ್ ಗೋಡೆಗೊರಗಿ ಫೋನಿನಲ್ಲಿ ಮಾತಾಡುತ್ತಿದ್ದವನು ಥಟ್ಟನೆ ಇಟ್ಟ.

"ಯಾರು?"

"ಊರಿಂದ. ಏನಿಲ್ಲ."

"ಅಂಗಳದಲ್ಲಿ ಗುಡಾರ ಎಬ್ಬಿಸಿದ್ರಾ?"

"ಬಿಸಿಲು ಜಾಸ್ತಿ ಅತ್ತಿಗೆ. ನೆಂಟರು ಬರ್ತಾರೆ, ನೆರಳು ಬೇಕಲ್ಲ."

ಅಂಗಳದಲ್ಲಿ ಉಣ್ಣೆಯ ಗುಡಾರ ಎಬ್ಬಿಸುವುದು ಹೆಣ ಇಡುವುದಕ್ಕೆ. ಇಬ್ಬರಿಗೂ ಗೊತ್ತಿತ್ತು.

"ಕುರಿ?"

"ಕುರಿ ಹಾಗೇ ಇದೆ. ಕಡಿದಿಲ್ಲ." ಟೋಪಿ ಸರಿಮಾಡಿಕೊಂಡು, "ಕಟ್ಟಿ ಹಾಕಿದಾರೆ," ಎಂದ.

"ನೀನೊಂದ್ಸಲ ಒಳಗೆ ಬಂದು ಕರಿ ಸಮಾತ್. ಹೆಸರು ಹಿಡಿದು."

"ಅಪ್ಪನ್ನ? ನಾನು? ನಾಲಗೆ ಬಿದ್ದುಹೋಗುತ್ತೆ." ಅವನು ನಕ್ಕ, ಆಮೇಲೆ ನಗು ಇಳಿಯಿತು. "ಅತ್ತಿಗೆ, ಬದುಕಿದ್ದಷ್ಟು ದಿನ ನೀವಿಟ್ಕೊಂಡ್ರಿ. ನಾನು ಕಿರಿಮಗ, ಜನ ನನ್ನ ಮುಖಕ್ಕೇ ಕೇಳಿದ್ರು, ನಾನೇನಾದ್ರೂ ಅಂದ್ನಾ? ಸಾಯೋದಾದ್ರೂ ನಮ್ಮನೇಲಿ ಸಾಯಲಿ."

ಅವನ ಕಣ್ಣು ತುಂಬಿತ್ತು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಪದ್ಧತಿಯಂತೆ ಮುದುಕ ಇರಬೇಕಾದದ್ದು ಕಿರಿಮಗನ ಮನೆಯಲ್ಲೇ. ಜಿಪಾರಳ ಗಂಡ ಮಿರ್ಲಾನ್ ಕಣಿವೆಯ ಹಿಮದಲ್ಲಿ ಲಾರಿ ಜಾರಿ ಸತ್ತಾಗ, ಅತ್ತೆ ಆಗಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನಲವತ್ತನೆಯ ದಿನದ ಕಾರ್ಯ ಮುಗಿದ ಬೆಳಿಗ್ಗೆ ಅವಳು ಪೆಟ್ಟಿಗೆ ಕಟ್ಟಿ ತವರಿಗೆ ಹೊರಡಲು ನಿಂತಿದ್ದಳು. ಮಾವ ಕೂತಲ್ಲಿಂದಲೇ ಚಹಾದ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡ. ಹುಟ್ಟಿದಾಗಿನಿಂದ ಒಬ್ಬರಿಗೂ ಚಹಾ ಹಾಕಿಕೊಟ್ಟವನಲ್ಲ. ಒಂದು ಬಟ್ಟಲು ತೆಗೆದು, ತಳ ಮುಚ್ಚುವಷ್ಟು, ಒಂದೇ ಗುಟುಕಿನಷ್ಟು ಸುರಿದು, ಅವಳ ಮುಂದೆ ಇಟ್ಟ.

ಬಟ್ಟಲಿಗೆ ಸ್ವಲ್ಪ ಸುರಿದರೆ ಇರು ಎಂದರ್ಥ. ಖಾಲಿಯಾಗಲಿ, ಮತ್ತೆ ಸುರಿಯುತ್ತೇನೆ, ಮತ್ತೆ ಮಾತಾಡೋಣ. ಅಂಚಿನವರೆಗೆ ತುಂಬಿಸಿದರೆ, ಕುಡಿದು ಎದ್ದು ಹೋಗು.

ಮದುವೆಯಾಗಿ ಬಂದ ಮಾರನೆಯ ದಿನ ಅವಳು, ಪಟ್ಟಣದಲ್ಲಿ ಬೆಳೆದವಳು, ಗಾಬರಿಯಲ್ಲಿ ಮಾವನ ಬಟ್ಟಲನ್ನು ತುಂಬಿ ತುಳುಕಿಸಿದ್ದಳು. ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. "ಬಂದ ಮರುದಿನಾನೇ ಮಾವನ್ನ ಓಡಿಸ್ತಿದಾಳೆ ನೋಡ್ರೇ!" ಮುದುಕ ಅಷ್ಟನ್ನೂ ಕುಡಿದು, ಮೀಸೆ ಒರೆಸಿಕೊಂಡು, "ಬಾಯಾರಿಕೆ ಆಗಿತ್ತು, ಹುಡುಗಿಗೆ ಗೊತ್ತಾಯ್ತು," ಎಂದಿದ್ದ. ಆವತ್ತಿನಿಂದ ಅವಳ ಕೈ ತಪ್ಪಿರಲಿಲ್ಲ.

ಮಾವ ಸುರಿದ ಆ ಒಂದು ಗುಟುಕು ಕುಡಿದು ಅವಳು ಪೆಟ್ಟಿಗೆ ಬಿಚ್ಚಿದಳು. ಆಮೇಲೆ ಮಾವನೇ ಅವಳ ಜೊತೆ, ಅವಳ ಕೆಲಸವಿದ್ದ ಪಟ್ಟಣಕ್ಕೆ ಬಂದ. ಊರಿನವರು ಕೇಳಿದರೆ, "ನನ್ನ ಹಲ್ಲಿನ ಡಾಕ್ಟ್ರು ಅಲ್ಲೇ ಇರೋದು," ಎನ್ನುತ್ತಿದ್ದ. ಕೊನೆಯ ಹಲ್ಲು ಬಿದ್ದು ವರ್ಷಗಳಾದ ಮೇಲೂ ಅದನ್ನೇ ಹೇಳಿದ.

ಆ ನಾಲ್ಕನೆಯ ಮಹಡಿಯ ಮನೆಯಲ್ಲಿ ಅವರಿಬ್ಬರು ಏನು ಮಾತಾಡಿದರು? ಹೆಚ್ಚೇನೂ ಇಲ್ಲ. "ಅತಾ, ಚಹಾ." "ತಾ ಮಗಳೇ." ಒಮ್ಮೆ ಮಾತ್ರ ಕೇಳಿದ್ದ, "ಆ ಹೃದಯದಲ್ಲಿ ಏನು ಹುಡುಕ್ತೀಯ?"

"ನರ, ಅತಾ."

"ಸಿಕ್ತಾ?"

"ಒಂದು ಸಣ್ಣದು."

"ಹುಡುಕು. ಎಲ್ಲಿಗೆ ಹೋಗುತ್ತೆ ಅದು?"

ಇಷ್ಟೇ. ಇಷ್ಟಕ್ಕೇ ಅವಳು ಸಂಜೆ ಬಸ್ಸಿಗೆ ಓಡುತ್ತಿದ್ದಳು. ಅವಳಿಗೆ ಮುದುಕನ ಮೇಲೆ ಪ್ರೀತಿಯಿತ್ತು, ಜಗತ್ತಿನಲ್ಲಿ ಬೇರೆ ಯಾರ ಮೇಲೂ ಇಲ್ಲದಷ್ಟು. ಅದನ್ನು ಹೇಳುವುದಕ್ಕೆ ಅವರ ನಡುವೆ ಭಾಷೆಯಿರಲಿಲ್ಲ, ಚಹಾ ಇತ್ತು.

"ನಾನೇ ಕರೀತೀನಿ," ಎಂದಳು ಒಳಗೆ ಬಂದು.

ಉಲಾನ್ ಅವಳ ಮಣಿಕಟ್ಟಿಗೂ ಒಂದು ತಂತಿ ಅಂಟಿಸಿದ. ಕರೆಯುವವರ ನಾಡಿಯನ್ನೂ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಯಾರ ಬಡಿತ ಯಾರದೆಂದು ಗೊತ್ತಾಗದೆ ಮೋಸವಾಗುತ್ತದೆ. ನಿಯಮ ಅವಳದೇ. ಪರದೆಯ ಮೇಲೆ ಎರಡು ಗೆರೆ ಓಡತೊಡಗಿದವು. ಮೇಲಿನದು ಮಾವನದು, ಕೆಳಗಿನದು ಅವಳದು.

ಅವಳು ಬಗ್ಗಿದಳು. ಅಪರಾಧ ಮಾಡುವವಳ ಹಾಗೆ ಸುತ್ತ ನೋಡಿದಳು. ತೋಕ್ತೋಸುನ್ ಮಾತ್ರ ಕಣ್ಣರಳಿಸಿ ನೋಡುತ್ತಿದ್ದ.

ಹೇಳಿದಳು. ಬಾಯಿಂದ ಹೊರಬಿದ್ದ ಹೆಸರು ಅಪರಿಚಿತನೊಬ್ಬನ ಹೆಸರಿನಂತೆ ಕೇಳಿಸಿತು. ಯಾರೋ ಹುಡುಗನದು, ಕುರಿಗಳ ಹಿಂದೆ ಓಡುವವನದು, ಅವಳು ಕಂಡೇ ಇರದವನದು.

ಗೆರೆ ಹಾರಿತು.

"ಎಜೆ!" ಎಂದ ಉಲಾನ್. ಮರುಕ್ಷಣ ಅವನ ದನಿ ಇಳಿಯಿತು. "ಅಲ್ಲ. ಇದು ಕೆಳಗಿಂದು."

ಕೆಳಗಿನ ಗೆರೆ ಬೆದರಿದ ಕುದುರೆಯಂತೆ ಓಡುತ್ತಿತ್ತು. ಮೇಲಿನದು ಮೊದಲಿನಂತೆಯೇ, ಸಮವಾಗಿ, ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಮತ್ತೆ ಕರೆದಳು, ಇನ್ನೂ ಒಮ್ಮೆ. ಪ್ರತಿ ಸಲವೂ ಬೆಚ್ಚಿದ್ದು ಕರೆದವಳ ಹೃದಯವೇ.

"ಅಯ್ಯೋ, ಸೊಸೆ ಮಾವನ ಹೆಸರು ಕೂಗಿದ್ಳಲ್ಲಪ್ಪೋ," ಎಂದ ತೋಕ್ತೋಸುನ್ ಛಾವಣಿ ನೋಡುತ್ತ. "ಇದಕ್ಕಾದ್ರೂ ಎದ್ದು ಬೈಬೇಕಾಗಿತ್ತು ಪುಣ್ಯಾತ್ಮ." ತಮಾಷೆಗೆ ಶುರುಮಾಡಿದ ಮಾತು ಮುಗಿಯುವಾಗ ತಮಾಷೆಯಾಗಿರಲಿಲ್ಲ. ಅವನು ಮಗ್ಗುಲಾಗಲು ಹೋಗಿ, ಹೊಲಿಗೆ ನೊಂದು, ಹಾಗೇ ಬಿದ್ದುಕೊಂಡ.

ಉಲಾನ್ ಯಂತ್ರದ ಗುಂಡಿಗಳನ್ನು ಸುಮ್ಮನೆ ಮುಟ್ಟುತ್ತಿದ್ದ. "ವಯಸ್ಸಾದೋರಲ್ಲಿ ಪ್ರತಿಕ್ರಿಯೆ ಕಮ್ಮಿ," ಎಂದ. "ಇದರಿಂದ ಇಲ್ಲ ಅಂತಾನೂ ಹೇಳೋಕಾಗಲ್ಲ."

"ಹಾಗಂತ ನಾನು ಎಷ್ಟು ಜನರ ಮಕ್ಕಳಿಗೆ ಹೇಳಿದೀನಿ ಗೊತ್ತಾ," ಎಂದಳು ಜಿಪಾರ್.

ಸಮಾತ್ ಬಂದ. ಹೆಗಲ ಮೇಲೆ ಸುರುಳಿ ಸುತ್ತಿದ ಉಣ್ಣೆಯ ಜಮಖಾನ, ಹಿಂದೆ ಊರಿನ ಇಬ್ಬರು ಗಂಡಸರು. ಹೊರಗಿನ ಬಿಸಿಲು, ಕುರಿಯ ವಾಸನೆ ಅವರ ಜೊತೆ ಒಳಗೆ ಬಂತು.

"ಹೊತ್ತಾಯ್ತು ಅತ್ತಿಗೆ."

"ಒಂದು ಬಟ್ಟಲು ಚಹಾ," ಎಂದಳು ಅವಳು.

ಇದಕ್ಕೆ ಯಾರೂ ಬೇಡ ಎನ್ನುವ ಹಾಗಿಲ್ಲ. ಸಮಾತ್ ಟೋಪಿ ತೆಗೆದು ಬಾಗಿಲ ಬಳಿ ನಿಂತ. ಅವನ ಹಿಂದಿನವರೂ ತೆಗೆದರು.

ಬ್ಯಾಗಿನಿಂದ ಥರ್ಮಾಸ್ ತೆಗೆದಳು. ಬಟ್ಟಲು ಮಾವನದೇ, ನೀಲಿ ಹೂವಿನದು, ಅಂಚಿನಲ್ಲಿ ಒಂದು ಚೂರು ಹಾರಿಹೋದದ್ದು. ಬೆಳಿಗ್ಗೆ ಅದನ್ನು ಯಾಕೆ ತಂದೆನೆಂದು ಅವಳಿಗೇ ತಿಳಿದಿರಲಿಲ್ಲ. ಮಂಚದ ಅಂಚಿನಲ್ಲಿ, ಪರದೆಗೆ ಬೆನ್ನು ಹಾಕಿ ಕೂತಳು. ಮುಚ್ಚಳ ತಿರುಗಿಸಿದಾಗ ಹಾಲು, ಉಪ್ಪು ಹಾಕಿ ಕುದಿಸಿದ ಚಹಾದ ಬಿಸಿ ಹಬೆ ಮುದುಕನ ಮುಖದ ಮೇಲೆ ಹಾಯಿತು.

"ಅತಾ," ಎಂದಳು. "ಚಹಾ."

ಈ ಸಲ ತೋಕ್ತೋಸುನ್ ಓಗೊಡಲಿಲ್ಲ.

ಸುರಿದಳು. ತಳ ಮುಚ್ಚಿತು. ಅಲ್ಲಿಗೆ ಅವಳ ಕೈ ಯಾವಾಗಲೂ ನಿಲ್ಲುತ್ತಿತ್ತು. ಇವತ್ತು ನಿಲ್ಲಲಿಲ್ಲ. ಹೂವುಗಳು ಮುಳುಗಿದವು. ಸಮಾತ್ ನೋಡಿದ, ನೋಡಬಾರದ್ದನ್ನು ನೋಡಿದವನಂತೆ ಮುಖ ತಿರುಗಿಸಿದ. ಚೂರು ಹಾರಿದ ಜಾಗದವರೆಗೆ ಬಂತು, ಅದರ ಮೇಲಕ್ಕೂ ಬಂತು. ಇನ್ನೊಂದು ಹನಿಗೆ ಜಾಗವಿಲ್ಲದಂತಾದಾಗ ಥರ್ಮಾಸ್ ಕೆಳಗಿಟ್ಟು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಮಾವನ ಕಡೆ ಚಾಚಿ ಹಿಡಿದಳು.

"ಎಜೆ," ಎಂದ ಉಲಾನ್ ಬೆನ್ನ ಹಿಂದಿನಿಂದ.

ಅವಳು ಅಲುಗಲಿಲ್ಲ.

"ಎಜೆ, ಇಲ್ನೋಡಿ. ಬೇಗ ನೋಡಿ."

ಯಾವ ಗೆರೆಯೆಂದು ಅವನು ಹೇಳಲಿಲ್ಲ. ಅವಳ ಮಣಿಕಟ್ಟಿನ ತಂತಿ ಇನ್ನೂ ಹಾಗೆಯೇ ಇತ್ತು. ಅಂಚಿನವರೆಗೆ ತುಂಬಿ ನಿಂತಿದ್ದ ಚಹಾ, ಕೆನೆಯ ತೆಳು ಪೊರೆ ಹೊತ್ತು, ಬಡಿತಕ್ಕೊಂದು ಸಲ ನಡುಗುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು. ತಿರುಗಿದರೆ ಚೆಲ್ಲುತ್ತಿತ್ತು.