ಅತ್ತೆಯ ಕಾಲು

"ಎತ್ತೇ ಕಾಲು, ಮುದುಕಿ! ಎತ್ತು ಅಂದ್ರೆ ಎತ್ಬೇಕು. ಬೆರಳ ಸಂದೀಲಿ ಏನೇ ಕದ್ದಿಟ್ಕೊಂಡಿದೀಯ?"

ಕಾವಲುಗಾರ ಅತ್ತೆಯ ತೊಡೆಗೆ ಕೋಲಿನಿಂದ ತಿವಿದ. ಹೆತ್ತವರು ಇಟ್ಟ ಹೆಸರು ಏನಿತ್ತೋ, ನಮಗೆಲ್ಲ ಅವನು ದೊಣ್ಣೆ. ಅತ್ತೆ ಮೊಣಕಾಲವರೆಗೆ ಕೆಸರಿನಲ್ಲಿ ಹೂತಿದ್ದಳು. ನನ್ನ ಹೆಗಲು ಹಿಡಿದು ಕಾಲನ್ನು ಕಿತ್ತು ಮೇಲೆತ್ತಿದಳು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ಕಪ್ಪೆಚಿಪ್ಪು ಸಿಕ್ಕಿಕೊಂಡಿತ್ತು.

ಅದು ಕಳ್ಳತನವಲ್ಲ, ಚಾಳಿ. ಚಿಪ್ಪು ಹೆಕ್ಕುವ ನಾವು ಕೈಯಿಂದ ಹುಡುಕುವವರಲ್ಲ. ಕಾಲ ಬೆರಳು ಕೆಸರಿನೊಳಗೆ ತಡಕುತ್ತದೆ, ಸಿಕ್ಕಿದ್ದನ್ನು ಹಿಡಿಯುತ್ತದೆ, ಕಾಲು ಹಿಂದಕ್ಕೆ ಮಡಚಿ ಕೈಗೆ ಕೊಡುತ್ತದೆ. ನಾನು ಸೊಸೆಯಾಗಿ ಬಂದಾಗ ಅತ್ತೆ ಇದನ್ನು ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಳು. ಈಗ ಕೆಸರು ಸಂರಕ್ಷಿತ ಪ್ರದೇಶವಂತೆ. ಚಿಪ್ಪು ಮುಟ್ಟುವಂತಿಲ್ಲ, ಉಪ್ಪುನೀರಲ್ಲಿ ಬೇರೂರುವ ಕಾಂಡ್ಲಾ ಗಿಡದ ಸಸಿ ನೆಡುವ ಕೂಲಿಗಾದರೆ ಇಳಿಯಬಹುದು. ಬೆಳಗಿನಿಂದ ಹಾರೆ ಹಿಡಿದು ಕುಳಿ ತೋಡುತ್ತಿದ್ದ ಅತ್ತೆಯ ಕಾಲು ತನ್ನ ಪಾಡಿಗೆ ತಾನು ಹಳೆಯ ಕೆಲಸ ಮಾಡಿಬಿಟ್ಟಿತ್ತು.

"ನೋಡಿದ್ರಾ?" ಎಂದ ಸೀಗಡಿ ದಣಿ, ಸಸಿ ನೆಡುವುದನ್ನು ನೋಡಲು ಪಟ್ಟಣದಿಂದ ಬಂದು ಏರಿಯ ಮೇಲೆ ನಿಂತಿದ್ದ ಅತಿಥಿಗಳ ಕಡೆ ತಿರುಗಿ. "ಇವರ ಕಾಲುಗಳೇ ಸಸಿ ಸಾಯಿಸ್ತಿರೋದು. ಚಿಪ್ಪಿನಾಸೆಗೆ ತುಳಿದು ತುಳಿದು ಹಾಳು ಮಾಡ್ತವೆ."

ಕಾಂಡ್ಲಾ ಗಿಡದ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅದರ ಬುಡದಲ್ಲಿ ಮೀನು ಮರಿ ಹಾಕುತ್ತದೆ, ಏಡಿ ಬೆಳೆಯುತ್ತದೆ, ನಮ್ಮ ಒಲೆ ಉರಿಯುತ್ತದೆ. ಇಲ್ಲಿದ್ದ ಕಾಡನ್ನೆಲ್ಲ ಕಡಿಸಿ ಸೀಗಡಿ ಕೆರೆ ಕಟ್ಟಿದವನು ಇದೇ ದಣಿ. ಕಾಡನ್ನು ಮರಳಿ ಬೆಳೆಸುವ ಸಮಿತಿಗೆ ಅಧ್ಯಕ್ಷನೂ ಇವನೇ ಆದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅವನ ಕೆರೆಯ ತೂಬಿನಿಂದ ಔಷಧಿ ಬೆರೆತ ಕೊಳಕು ನೀರು ನಾವು ನೆಟ್ಟಲ್ಲಿಗೇ ಬಂದು ಬೀಳುತ್ತಿತ್ತು. ತೂಬಿನ ಬಾಯಿಯ ಸುತ್ತ ಸಸಿಗಳು ಸುಟ್ಟ ಕಡ್ಡಿಗಳ ಹಾಗೆ ಕರ್ರಗೆ ನಿಂತಿದ್ದವು. ಕುರುಡನಿಗೂ ಮೂಗಿಗೆ ಬಡಿಯುವಂಥ ನಾತ.

ಅತಿಥಿಗಳ ಜೊತೆ ಬಂದಿದ್ದ, ತೀರ ಕಾಯುವ ಸರಕಾರಿ ಅಧಿಕಾರಿಯೂ ಅತ್ತ ನೋಡಿದ. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಬಾಯಿಯನ್ನೂ ಅದರಲ್ಲೇ ಮುಚ್ಚಿಕೊಂಡ.

"ಹಾಗೇ ಹಿಡ್ಕೊಳ್ಳಿ ಕಾಲು," ಎಂದಳು ಅತಿಥಿಗಳಲ್ಲಿ ಒಬ್ಬಳು. ಮುದುಕಿಯ ಕಾಲಿನ ಫೋಟೋ ತೆಗೆದರು. ಅತ್ತೆ ಒಂಟಿ ಕಾಲಿನಲ್ಲಿ ನಡುಗುತ್ತ ನಿಂತಿದ್ದಳು. ನನ್ನ ಹೆಗಲಿನ ಮೇಲಿದ್ದ ಅವಳ ಉಗುರುಗಳು ಚರ್ಮದೊಳಗೆ ಇಳಿಯುತ್ತಿದ್ದವು.

ಕಾರುಗಳು ಅಧಿಕಾರಿಯನ್ನೂ ಕರೆದುಕೊಂಡು ಹೋದವು. ದಣಿಯ ನಗುವೂ ಅವುಗಳ ಜೊತೆಗೇ ಹೋಯಿತು.

"ಎಳ್ಕೊಂಡು ಬಾರೋ ಆ ಲೌಡಿನ."

ದೊಣ್ಣೆ ಅತ್ತೆಯನ್ನು ಕೂದಲು ಹಿಡಿದು ಏರಿಗೆ ಎಳೆದ. ಅಡ್ಡ ಹೋದ ನನ್ನ ಹೊಟ್ಟೆಗೆ ಒದ್ದ. ಉಸಿರು ಸಿಕ್ಕುವಷ್ಟರಲ್ಲಿ ಅತ್ತೆಯ ಕಾಲು ತೂಬಿನ ಕಲ್ಲಿನ ಮೇಲಿತ್ತು.

"ದಣೀ, ಮುದುಕಿ..." ಎಂದ ದೊಣ್ಣೆ.

"ನಿನ್ನವ್ವನೇನೋ? ಹೊಡಿ. ಇಲ್ಲಾಂದ್ರೆ ನೀನೂ ಇವರ ಜೊತೆ ಕೆಸರಿಗಿಳಿ."

ಹೊಡೆದ. ಮೊದಲ ಏಟಿಗೆ ಅತ್ತೆ ಕೂಗಿದಳು. ಎರಡನೆಯದಕ್ಕೆ ಬೆರಳುಗಳು ಮುರಿದ ಸದ್ದು ಕೆಸರಿನಲ್ಲಿ ನಿಂತಿದ್ದವರಿಗೂ ಕೇಳಿಸಿತು. ಆಮೇಲೆ ಅವಳು ಕೂಗಲಿಲ್ಲ, ತುಟಿ ಕಚ್ಚಿಕೊಂಡಳು. ದೊಣ್ಣೆ ಅಳುತ್ತ ಹೊಡೆಯುತ್ತಿದ್ದ. ಅವನ ಅಳು ಕಂಡು ನನಗೆ ಕರುಣೆ ಬರಲಿಲ್ಲ, ಅಸಹ್ಯವಾಯಿತು.

ದಣಿ ಚಪ್ಪಲಿಗೆ ಹತ್ತಿದ ಕೆಸರನ್ನು ಹುಲ್ಲಿಗೆ ಒರೆಸಿದ. "ನಾಳೆ ಬೇಲಿ ಹಾಕಿಸ್ತೀನಿ. ಚಿಪ್ಪಿಗೂ ಇಲ್ಲ, ಕೂಲಿಗೂ ಇಲ್ಲ. ನಿಮ್ಮಲ್ಲಿ ಒಬ್ಬಳು ಈ ಕೆಸರಿಗೆ ಕಾಲಿಟ್ರೂ ಇದೇ ಗತಿ. ಹೊರಗಿನ ಆಳುಗಳು ಬರ್ತಾರೆ."

ಈ ಕೆಸರು ಬಿಟ್ಟರೆ ನಮಗೆ ಬೇರೆ ಹೊಲವಿಲ್ಲ, ಅಂಗಡಿಯಿಲ್ಲ. ಅತ್ತೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅಳತೊಡಗಿದೆ.

"ಥೂ, ನಿನ್ನ ಸಿಂಬಳ ನನ್ನ ಮುಖದ ಮೇಲೆ ಬೀಳ್ತಿದೆ," ಎಂದಳು ಅವಳು. ಮುಖ ಬಿಳಿಚಿಕೊಂಡಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು. "ನೀರು ಏರ್ತಿದೆ ನೋಡು. ಇವತ್ತು ದೊಡ್ಡ ಭರತ, ಕಡಲು ಉಕ್ಕಿ ಬರುತ್ತೆ."

"ಏರಲಿ ಬಿಡು, ಮನೆಗೆ ಹೋಗೋಣ."

"ಮನೆಗೆ ಹೋಗಿ ಏನು, ಗೋಡೆ ನೆಕ್ತೀಯಾ? ಹಾರೆ ತಗೋ."

ಅವಳ ಕಣ್ಣು ತೂಬಿನ ಪಕ್ಕದ ಮಣ್ಣಿನ ಮೇಲಿತ್ತು. ಅಲ್ಲಿ ಏರಿ ಯಾವಾಗಲೂ ಜಿನುಗುತ್ತಿರುತ್ತದೆ. ಈ ಕಡೆ ಕಡಲು ಏರಿಯ ಬುಡ ದಾಟಿ ಮೇಲೇರುತ್ತಿತ್ತು. ಆ ಕಡೆ, ತಗ್ಗಿನಲ್ಲಿ, ಹಿಡಿಯಲು ಸಿದ್ಧವಾದ ಸೀಗಡಿ ತುಂಬಿದ ದಣಿಯ ಕೆರೆ.

ನಾನು ಹಾರೆ ಎತ್ತಿ ಹಾಕಿದೆ. ಹಸಿ ಮಣ್ಣು ದೊಡ್ಡ ಹೆಂಟೆಯಾಗಿ ಕಿತ್ತು ಬಂತು. ಇನ್ನೊಮ್ಮೆ ಹಾಕಿದೆ. ಪಕ್ಕದಲ್ಲಿ ಇನ್ನೊಂದು ಹಾರೆ ಬಿತ್ತು, ನನ್ನ ನಾದಿನಿಯದು. ಆಮೇಲೆ ಕೆಸರಿನಿಂದ ಹೆಂಗಸರೆಲ್ಲ ಹತ್ತಿ ಬಂದರು.

"ಏಯ್! ಏರಿ ಒಡೀತಿದಾರೆ! ಹೊಡಿಯೋ ಸೂಳೆಮಗನೇ, ತಲೆಗೆ ಹೊಡಿ!" ಎಂದು ದಣಿ ಅರಚಿದ.

ದೊಣ್ಣೆ ತಲೆಗೇ ಹೊಡೆದ. ಬಿಸಿ ರಕ್ತ ಕಣ್ಣಿಗಿಳಿದು ಎಲ್ಲ ಕೆಂಪಾಯಿತು. ಮತ್ತೆ ಕೋಲೆತ್ತಿದವನ ಮೊಣಕಾಲಿಗೆ ಹಾರೆ ಬೀಸಿದೆ. ಲಟಕ್ಕೆಂದಿತು. ಅವನು ಅವ್ವಾ ಎನ್ನುತ್ತ ಬಿದ್ದ. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ದಣಿ ನಾದಿನಿಯ ಕುತ್ತಿಗೆಗೆ ಕೈ ಹಾಕಿದ. ನಾಲ್ಕಾರು ಹೆಂಗಸರು ಅವನನ್ನು ಹಿಡಿದು ಕೆಸರಿಗೆ ದಬ್ಬಿದರು. ಸೊಂಟದವರೆಗೆ ಹೂತುಹೋದ. ಏಳಲು ಒದ್ದಾಡಿದಷ್ಟೂ ಇಳಿದ. ಅಷ್ಟರಲ್ಲಿ ಏರಿ ಬಿರುಕು ಬಿಟ್ಟು, ಕುಸಿದು, ಕಡಲು ಗುಡುಗುತ್ತ ಕೆರೆಯೊಳಗೆ ನುಗ್ಗಿತು.

"ನನ್ನ ಸೀಗಡಿ! ಅಯ್ಯೋ ಯಾರಾದ್ರೂ ಎತ್ರೋ!" ಎಂದು ದಣಿ ಕಿರುಚಿದ. ನೀರು ಅವನ ಎದೆಗೆ ಬಂದಿತ್ತು. ಎತ್ತಲು ಯಾರೂ ಹೋಗಲಿಲ್ಲ.

ದೂರದಲ್ಲಿ ಜೀಪಿನ ಸದ್ದು ಕೇಳಿಸಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಏರಿಯ ಮೇಲೆ ಮೊಣಕೈಯೂರಿ ಎದ್ದು ಕೂತಳು.

"ಏನ್ರೇ ನೋಡ್ತಾ ನಿಂತ್ರಿ? ಆ ತುದೀಲಿ ಇವನ ಇನ್ನೊಂದು ಕೆರೆ ಹಾಗೇ ಇದೆಯಲ್ಲ."

ನಾನು ಕಣ್ಣಿನ ರಕ್ತ ಒರೆಸಿಕೊಂಡು ಆ ಕಡೆ ಓಡಿದೆ.