ಎಡಗೈ ಸಡಿಲಾದ ಕುರ್ಚಿ

ಪೋಸ್ಟನ್ನು ಅಳಿಸಬಹುದಿತ್ತು. ಆದರೆ ಅವನ ಕಣ್ಣಿಗೆ ಬೀಳುವಷ್ಟರಲ್ಲಿ ಸಾವಿರಾರು ಜನ ನೋಡಿಯಾಗಿತ್ತು. ಅಳಿಸಿದರೆ ಅದೇ ಇನ್ನೊಂದು ಸುದ್ದಿ. ಬಸ್ಸಿನ ಕಂಬಿ ಹಿಡಿದು ನಿಂತಿದ್ದವನು ಫೋನನ್ನು ಜೇಬಿಗೆ ಹಾಕಿಕೊಂಡ.

ಮಂತ್ರಿಗಳ ಹೆಸರಿನಲ್ಲಿ ಜಾಲತಾಣಗಳಲ್ಲಿ ಬರೆಯುವುದು ಅವನ ಕೆಲಸ. ಬೆಳಿಗ್ಗೆ ಒಂದು ಶುಭಾಶಯ, ಮಧ್ಯಾಹ್ನ ಒಂದು ಉದ್ಘಾಟನೆ, ಸಂಜೆ ಒಂದು ಧನ್ಯವಾದ. ಅವನ ಫೋನಿನಲ್ಲಿ ಎರಡು ಖಾತೆಗಳಿದ್ದವು. ಮಂತ್ರಿಗಳದಕ್ಕೆ ಲಕ್ಷಗಟ್ಟಲೆ ಹಿಂಬಾಲಕರು. ಅವನದಕ್ಕೆ ಹನ್ನೊಂದು ಜನ, ಅವರಲ್ಲೂ ಒಬ್ಬರು ತೀರಿಕೊಂಡಿದ್ದರು. ಒಂದರಿಂದ ಇನ್ನೊಂದಕ್ಕೆ ಹೋಗಲು ಮೂಲೆಯ ದುಂಡನೆಯ ಚಿತ್ರ ಒತ್ತಬೇಕು. ಇವತ್ತು ಒತ್ತಲು ಮರೆತಿದ್ದ.

ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಚಹಾ ಕುಡಿದು, ಎದ್ದು, ಖಾಲಿ ಕುರ್ಚಿಯ ಫೋಟೊ ತೆಗೆದು, ಅದರ ಕೆಳಗೆ ಬರೆದಿದ್ದ: ‘ಸುಮ್ಮನೆ ಕೂತಿದ್ದೆ. ಯಾರಿಗೂ ಹೇಳುವಂಥದ್ದು ಏನೂ ಇಲ್ಲ. ಖುಷಿಯಾಗಿದೆ.’

ಎಷ್ಟೋ ವರ್ಷಗಳ ಮೇಲೆ ತನಗೆಂದು ಬರೆದುಕೊಂಡ ಮಾತು. ಅದು ಮಂತ್ರಿಗಳ ಬಾಯಿಂದ ಹೊರಬಿದ್ದಿತ್ತು.

ಕಚೇರಿಯಲ್ಲಿ ಮೂರು ಟೀವಿಗಳೂ ಅವನ ಕುರ್ಚಿಯನ್ನೇ ತೋರಿಸುತ್ತಿದ್ದವು. ಅರ್ಧ ನಗರಕ್ಕೆ ನಲ್ಲಿ ನೀರಿಲ್ಲ, ಮಂತ್ರಿಗೆ ಹೇಳುವಂಥದ್ದು ಏನೂ ಇಲ್ಲವಂತೆ ಎಂದು ವಿರೋಧ ಪಕ್ಷದ ವಕ್ತಾರ ಗಂಟಲು ಹರಿದುಕೊಳ್ಳುತ್ತಿದ್ದ. ಹಾಸಿಗೆ ಮಾರುವ ಕಂಪನಿಯೊಂದು ಆಗಲೇ ಜಾಹೀರಾತು ಬಿಟ್ಟಿತ್ತು: ‘ಹೇಳುವಂಥದ್ದು ಏನೂ ಇಲ್ಲ. ಮಲಗಿ.’ ಅವನಿಗೆ ನಗು ಬಂತು. ಕೆಲಸ ಹೋಗುವ ಹೊತ್ತಿನಲ್ಲಿ ನಗುವುದು ಸರಿಯಲ್ಲವೆಂದು ಕೆಮ್ಮಿದ.

ಮಧ್ಯಾಹ್ನದೊಳಗೆ ಗಾಳಿ ತಿರುಗಿತು. ಹಳೆಯ ನಟಿಯೊಬ್ಬಳು, ‘ಕೊನೆಗೂ ಸುಳ್ಳು ಹೇಳದ ಒಬ್ಬ ರಾಜಕಾರಣಿ ಸಿಕ್ಕ’ ಎಂದು ಬರೆದಳು. ಜನ ತಂತಮ್ಮ ಮನೆಯ ಖಾಲಿ ಕುರ್ಚಿಗಳ ಫೋಟೊ ಹಾಕತೊಡಗಿದರು. ಬೆಳಿಗ್ಗೆ ಬೈದವರೇ ಈಗ ಕಣ್ಣೊರೆಸಿಕೊಂಡರು.

ಆಪ್ತ ಕಾರ್ಯದರ್ಶಿ ಅವನನ್ನು ಮಂತ್ರಿಗಳ ಕೋಣೆಗೆ ಕರೆದೊಯ್ದ. ಮಾತಿಗೊಮ್ಮೆ ವಾಚು ನೋಡಿಕೊಳ್ಳುವ ಇವನಿಗೆ ಕಚೇರಿಯವರೆಲ್ಲ ಗಡಿಯಾರ ಎನ್ನುತ್ತಿದ್ದರು.

“ನೀನಾ ಬರೆದಿದ್ದು?” ಮಂತ್ರಿಗಳು ಕೇಳಿದರು.

“ತಪ್ಪಾಯ್ತು ಸಾರ್. ಅದು ನನ್ನ ಸ್ವಂತ—”

“ತಪ್ಪು ಅಂತ ಯಾರಂದ್ರು? ನಾನು ಸುಮ್ನೆ ಕೂತಿದ್ದೆ. ಅಲ್ವಾ?”

ಅವನು ಗಡಿಯಾರನ ಕಡೆ ನೋಡಿದ.

“ಕೂತಿದ್ರಿ ಸಾರ್,” ಎಂದ ಗಡಿಯಾರ, ವಾಚು ನೋಡಿಕೊಂಡು.

“ಸಂಜೆ ಟೀವಿಯವ್ರು ಮನೆಗೆ ಬರ್ತಾರೆ. ಕುರ್ಚಿ ಎಲ್ಲಿ ಅಂತಾರೆ. ಅಂಥದ್ದು ನಮ್ಮನೇಲಿ ಎಲ್ಲಿದೆ?”

“ಡ್ರೈವರ್‌ನ ಕಳಿಸ್ತೀನಿ ಸಾರ್. ಇವ್ರ ಮನೆ ಹತ್ರಾನೇ.”

“ಈ ಮಾತು ಈ ರೂಮಲ್ಲೇ ಇರ್ಲಿ,” ಎಂದರು ಮಂತ್ರಿಗಳು. ಬಾಗಿಲವರೆಗೂ ಬಂದು ಅವನ ಬೆನ್ನು ತಟ್ಟಿದರು. ಅವನಿಗೆ ನಿಜವಾಗಿಯೂ ಹಾಲು ಕುಡಿದಷ್ಟು ಸಂತೋಷವಾಯಿತು. ಹೋದ ಜೀವ ಬಂದಂತಾಗಿತ್ತು.

ಕಾರಿಡಾರಿನಲ್ಲಿ ನಿಂತು, ಕುರ್ಚಿ ಒಯ್ಯಲು ಡ್ರೈವರ್ ಬರುತ್ತಾನೆಂದು ಹೆಂಡತಿಗೆ ಫೋನ್ ಮಾಡಿದ.

“ಆ ಹಳೇದಾ?” ಎಂದಳು ಅವಳು. “ತಗೊಂಡು ಹೋದವ್ರು ವಾಪಸ್ ತರದಿದ್ರೆ ಪುಣ್ಯ.”

ಆ ಕುರ್ಚಿಯ ಎಡಗೈ ಸಡಿಲ. ಭಾರ ಬಿಟ್ಟರೆ ಕಳಚಿಕೊಂಡು, ಕೂತವನು ಪಕ್ಕಕ್ಕೆ ಉರುಳುತ್ತಾನೆ. ನೆಂಟರೆಲ್ಲ ಒಂದೊಂದು ಸಲ ಉರುಳಿದ್ದರು. ಅವನೊಬ್ಬನೇ ಬಲಕ್ಕೆ ವಾಲಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದ. ಇದನ್ನು ಗಡಿಯಾರನಿಗೆ ಹೇಳಬೇಕು ಎಂದುಕೊಂಡ. ಇಡೀ ಮಧ್ಯಾಹ್ನ ಅವನ ಎದುರೇ ಕೂತಿದ್ದ. ಹೇಳಲಿಲ್ಲ. ಹೇಳದಿದ್ದುದಕ್ಕೆ ಒಳಗೊಳಗೇ ಮಜಾ ಅನ್ನಿಸಿತು. ಅದು ಯಾರ ಕುರ್ಚಿ ಎಂದು ಕುರ್ಚಿಯೇ ಹೇಳಲಿ.

ಸಂಜೆ ಮನೆಗೆ ಬಂದಾಗ ಹೆಂಡತಿ ಟೀವಿಯ ಮುಂದಿದ್ದಳು. ಮುಖ ಅರಳಿತ್ತು.

“ಅಕ್ಕ ಫೋನ್ ಮಾಡಿದ್ಲು. ನಿಮ್ಮ ಕುರ್ಚಿ ಟೀವೀಲಿ ಬರ್ತಿದೆ ಅಂತ. ಅವ್ಳೂ ಬಿದ್ದಿದ್ಲಲ್ಲ ಅದ್ರಿಂದ!”

“ಕುರ್ಚಿ ಬಿಡು. ಆ ಮಾತು ಓದಿದ್ಯಾ?”

“ಮೂರು ಸಲ ಓದ್ದೆ. ಎಷ್ಟು ಚೆನ್ನಾಗಿದೆ ಅಲ್ವಾ? ನೀವು ಯಾವತ್ತಾದ್ರೂ ನನ್ನ ಹತ್ರ ಹಾಗೆ ಮಾತಾಡಿದ್ದುಂಟಾ?”

ಅವನು ಚಪ್ಪಲಿ ಬಿಚ್ಚಿದ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಅನ್ನಿಸಿತು.

“ಅದು ನಾನು ಬರೆದಿದ್ದು.”

“ಅವ್ರದ್ದೆಲ್ಲಾ ಬರೆಯೋದು ನೀವೇ ತಾನೆ,” ಎಂದಳು ಅವಳು ಪ್ರೀತಿಯಿಂದಲೇ. “ಆದ್ರೆ ಇದು ಅವ್ರ ಮನಸ್ಸಿಂದ ಬಂದಿದ್ದು. ಓದಿದ್ರೆ ಗೊತ್ತಾಗತ್ತೆ.”

ಅವನು ಬಾಲ್ಕನಿಗೆ ಹೋದ. ಕುರ್ಚಿಯಿದ್ದ ಕಡೆ ನೆಲದ ಧೂಳಿನಲ್ಲಿ ಕಾಲುಗಳ ನಾಲ್ಕು ದುಂಡನೆಯ ಗುರುತುಗಳು ಉಳಿದಿದ್ದವು. ಅವುಗಳ ನಡುವೆ ಕೂತ. ಬಿಸಿಲು ಆರಿದ ನೆಲ ಇನ್ನೂ ಬೆಚ್ಚಗಿತ್ತು, ಕೆಳಗಿನ ಮನೆಯವರು ಯಾವುದೋ ಹಾಡು ಹಾಕಿದ್ದರು. ಹಿತವಾಗಿತ್ತು. ಇದನ್ನು ಎಲ್ಲಾದರೂ ಬರೆಯಬೇಕು ಅನ್ನಿಸಿ ಫೋನ್ ತೆಗೆದ. ಗಡಿಯಾರನ ಸಂದೇಶ ಬಂದಿತ್ತು: ‘ನಾಳೆ ಬೆಳಿಗ್ಗೆಗೂ ಅಂಥದ್ದೇ ಒಂದು. ಇನ್ಮೇಲೆ ದಿನಾ.’

ಫೋನನ್ನು ನೆಲದ ಮೇಲೆ ಬೋರಲಾಗಿ ಇಟ್ಟ.

“ಬನ್ನಿ, ಬನ್ನಿ, ಕೂತ್ಕೋತಿದಾರೆ!” ಹೆಂಡತಿ ಕೂಗಿದಳು.

ಅವನು ಏಳಲಿಲ್ಲ. ಬಾಗಿಲ ಸಂದಿಯಿಂದಲೇ ಟೀವಿ ಕಾಣುತ್ತಿತ್ತು. ಕ್ಯಾಮೆರಾಗಳ ನಡುವೆ ಮಂತ್ರಿಗಳು ಕುರ್ಚಿಯ ಹತ್ತಿರ ಬಂದರು. ಪಕ್ಕದಲ್ಲಿ ಚಹಾ ಲೋಟವನ್ನೂ ಇಟ್ಟಿದ್ದರು. ಅವನು ಕುರ್ಚಿಯ ಎಡಗೈಯನ್ನೇ ನೋಡಿದ.

ಮಂತ್ರಿಗಳು ಕೂತರು. ಎಡಗೈಯತ್ತ ಕಣ್ಣೂ ಹಾಯಿಸದೆ, ಯಾರೂ ಹೇಳಿಕೊಡದೆ, ವರ್ಷಗಳಿಂದ ಅಲ್ಲೇ ಕೂತು ಬಂದವರ ಹಾಗೆ ಮೆಲ್ಲಗೆ ಬಲಕ್ಕೆ ವಾಲಿ ಕಣ್ಣು ಮುಚ್ಚಿದರು.

“ನೋಡಿ,” ಎಂದಳು ಹೆಂಡತಿ, “ಎಷ್ಟು ನೆಮ್ಮದಿಯಾಗಿದಾರೆ.”

ಅವನೂ ಬಲಕ್ಕೇ ವಾಲಿ ಕೂತಿದ್ದ. ನೆಲಕ್ಕೆ ಒರಗಲು ಕೈಗಳಿರಲಿಲ್ಲ.