ದೀಪಸ್ತಂಭದ ಬಿಳಿ ಕುದುರೆ

ನಮ್ಮಣ್ಣ ದೀಪಸ್ತಂಭದ ಗೈಡ್. ಅದರೊಳಗೆ ನೂರ ಎಂಬತ್ತೇಳು ಮೆಟ್ಟಿಲು. ಮೂರು ವರ್ಷದಿಂದ ಅಣ್ಣ ಅದರಲ್ಲಿ ಒಂದನ್ನೂ ಹತ್ತಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ದಿನಾ ಅವನ ಮಂಡಿಗೆ ಎಣ್ಣೆ ತಿಕ್ಕುವ ಅತ್ತಿಗೆಗೆ, ಬಾಗಿಲ ಪಕ್ಕದ ಗೂಡಿನಲ್ಲಿ ಕೂತು ಟಿಕೆಟ್ ಹರಿಯುವ ನನಗೆ.

ಪ್ರವಾಸಿಗರಿಗೆ ಸುಳಿವೇ ಸಿಗುತ್ತಿರಲಿಲ್ಲ. "ಮೇಲೆ ಗಾಳಿ ಜೋರು ಕಣ್ರೀ, ನಾನು ಹೇಳಿದ್ದು ನಿಮ್ಮ ಕಿವಿಗೆ ಬೀಳೋ ಬದಲು ಸಮುದ್ರಕ್ಕೆ ಬೀಳುತ್ತೆ. ಅದಕ್ಕೇ ಎಲ್ಲಾ ಇಲ್ಲೇ ಹೇಳಿಬಿಡ್ತೀನಿ" ಅನ್ನುತ್ತಿದ್ದ. ಎಂಥ ಬುದ್ಧಿ ನೋಡಿ! ಆಮೇಲೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಶುರು. ಹಿಂದೊಮ್ಮೆ ದೀಪ ಕಾಯುವವನು ಬಿರುಗಾಳಿಯ ದಿನ ಸೀನಿ ದೀಪವನ್ನೇ ಆರಿಸಿಬಿಟ್ಟ ಕಥೆ ಬಂತೆಂದರೆ, ಆ ಸೀನನ್ನೂ ಸೀನಿಯೇ ತೋರಿಸುತ್ತಿದ್ದ. ಮುಂದೆ ನಿಂತವರು ಕರವಸ್ತ್ರ ತೆಗೆಯಬೇಕು, ಹಾಗೆ.

ಕೊನೆಗೆ ಮೇಲಿಂದ ಏನೇನು ಕಾಣುತ್ತದೆ ಅನ್ನುವುದು. ಬಲಕ್ಕೆ ಯಾವ ದೋಣಿ ದಂಡೆಗೆ ಎಳೆದಿದ್ದಾರೆ, ಯಾವ ಮನೆಗೆ ಹೊಸ ಬಣ್ಣ ಬಿದ್ದಿದೆ, ಬಂಡೆಯ ಮೇಲೆ ಎಷ್ಟು ಹಕ್ಕಿ ಕೂತಿವೆ, ಎಲ್ಲವೂ ಆವತ್ತಿನ ತಾಜಾ ಸುದ್ದಿ. ಜನ ಮೇಲೆ ಹೋಗಿ ನೋಡಿದರೆ ಹೇಳಿದ್ದು ಹೇಳಿದ ಹಾಗೇ ಇರುತ್ತಿತ್ತು. ಇರದೆ ಏನು? ಬೆಳಗ್ಗೆ ಎಂಟಕ್ಕೆ ಪೊರಕೆ ಹಿಡಿದು ಮೇಲೆ ಹೋಗಿ, ಗುಡಿಸಿ, ನಾಲ್ಕೂ ದಿಕ್ಕು ನೋಡಿ ಬಂದು ಅವನಿಗೆ ಒಪ್ಪಿಸುತ್ತಿದ್ದವಳು ನಾನು. ಇಬ್ಬರೂ ಚಹಾ ಕುಡಿಯುತ್ತ ನಾನು ಹೇಳುವುದು, ಅವನು ಕಣ್ಣು ಮುಚ್ಚಿ ಕೇಳುವುದು.

ಹೀಗಿರುವಾಗ ಇಲಾಖೆಯಿಂದ ಕಾಗದ ಬಂತು. ಕಿವಿಗೆ ಸಿಕ್ಕಿಸಿಕೊಂಡರೆ ತಾನೇ ಮಾತಾಡುವ ಯಂತ್ರ ಬಂದಿದೆಯಂತೆ. ಗೈಡ್ ಬೇಕೋ ಯಂತ್ರ ಸಾಕೋ ಅಂತ ತೀರ್ಮಾನಿಸಲು ಒಬ್ಬ ಅಧಿಕಾರಿ ಬರುತ್ತಾರಂತೆ. ಯಾವಾಗ ಅಂತ ಬರೆದಿರಲಿಲ್ಲ. ಅಣ್ಣ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ, ಮತ್ತೆ ತೆಗೆದ, ಮತ್ತೆ ಮಡಚಿದ. ಈ ಕೆಲಸ ಹೋದರೆ ಅವನು ಮನೆಯಲ್ಲಿ ಅತ್ತಿಗೆಗೆ ಗೈಡ್ ಆಗಬೇಕು. ಅತ್ತಿಗೆ ಒಂದು ವಾರವೂ ತಡೆಯುವವಳಲ್ಲ.

ಇಂಥ ಹೊತ್ತಿನಲ್ಲೇ ಜಗಳ ಆಗಬೇಕೆ! ಒಬ್ಬಳು ಅಜ್ಜಿ ನನ್ನನ್ನು ತೋರಿಸಿ, "ಇವರೂ ಗೈಡಾ?" ಅಂತ ಕೇಳಿದಳು. ಅಣ್ಣ ನಕ್ಕು, "ಅಯ್ಯೋ, ಅವಳಾ? ಬರೀ ಟಿಕೆಟ್ ಹರಿಯೋಳು. ಅದಕ್ಕೇನು ತಲೆ ಬೇಕಾ?" ಅಂದ. ಗೂಡಿನ ಕಿಟಕಿ ತೆರೆದೇ ಇತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ನೆತ್ತಿಗೇರಲು ಎಷ್ಟು ಹೊತ್ತು?

ಮರುದಿನ ಚಹಾದ ಹೊತ್ತಿಗೆ ಅಣ್ಣ ಕೇಳಿದ, "ಏನು ಕಾಣ್ತು ಪುಟ್ಟಿ?" ನನಗೆ ನಲವತ್ತೆಂಟು ತುಂಬಿದರೂ ಅವನಿಗೆ ನಾನು ಪುಟ್ಟಿಯೇ.

"ಸಮುದ್ರ," ಅಂದೆ.

"ಮತ್ತೆ?"

"ನೀರಿತ್ತು."

ಎರಡು ದಿನ ಅದೇ ಸುದ್ದಿ ಕೊಟ್ಟೆ. ಪಾಪ, ಹಳೆಯದನ್ನೇ ತಿರುವಿ ಹಾಕಿ ಹೇಗೋ ಸಂಭಾಳಿಸಿದ. ಮೂರನೆಯ ದಿನವೂ ನನ್ನ ಸಿಟ್ಟು ಆರಿರಲಿಲ್ಲ. "ಎಡಗಡೆ ದಂಡೆ ಮೇಲೆ ಒಂದು ಬಿಳಿ ಕುದುರೆ ಕಟ್ಟಿದ್ದಾರೆ" ಅಂದೆ. ನಮ್ಮೂರಿನಲ್ಲಿ ಕುದುರೆ ಇರಲಿ, ಅದರ ಲಾಳವೂ ಇಲ್ಲ. ಯಾವನಾದರೂ ಕೆಳಗಿಳಿದು ಬಂದು ಇವನನ್ನು ತರಾಟೆಗೆ ತೆಗೆದುಕೊಳ್ಳಲಿ, ಆಗ ಗೊತ್ತಾಗುತ್ತದೆ ಯಾರಿಗೆ ತಲೆ ಬೇಕು ಅಂತ ಅನ್ನುವುದು ನನ್ನ ಲೆಕ್ಕ. ಅಣ್ಣ ಒಂದು ಕ್ಷಣವೂ ಅನುಮಾನಪಡಲಿಲ್ಲ. "ಹೌದಾ! ಬಿಳೀದಾ!" ಅಂತ ಮಗುವಿನ ಹಾಗೆ ಅರಳಿದ.

ಅವತ್ತು ಬಾಗಿಲು ತೆಗೆದ ಕೂಡಲೇ ಛತ್ರಿ ಹಿಡಿದ ಹೆಂಗಸೊಬ್ಬರು ಒಬ್ಬರೇ ಬಂದರು. ಟಿಕೆಟ್ ಕೊಂಡರು, ಸ್ಟೂಲಿನ ಎದುರು ನಿಂತು ಕಥೆ ಪೂರ್ತಿ ಕೇಳಿದರು, ಸೀನಿಗೆ ಎರಡು ಹೆಜ್ಜೆ ಹಿಂದೆಯೂ ಸರಿದರು. ಅಣ್ಣ ಕೊನೆಗೆ ಕುದುರೆಯನ್ನು ಹೊರಗೆಳೆದ. ನಾನು ಕೊಟ್ಟಿದ್ದು ಬರೀ ಬಿಳಿ ಕುದುರೆ. ಇವನು ಅದಕ್ಕೆ ಉದ್ದ ಜೂಲು ಸೇರಿಸಿದ, ಅಲೆ ಬಂದಾಗಲೆಲ್ಲ ಒಂದು ಕಾಲು ಎತ್ತುತ್ತದೆ ಅಂದ. ಹೆಂಗಸು ಚೀಲದಿಂದ ಒಂದು ಕಾರ್ಡ್ ತೆಗೆದು ತೋರಿಸಿದರು.

"ನಾನು ಇಲಾಖೆಯವಳು. ನಡೀರಿ, ಮೇಲೆ ಹೋಗೋಣ."

ಅಣ್ಣ ಸ್ಟೂಲಿನಿಂದ ಅರ್ಧ ಎದ್ದ. "ಮೇಲೆ... ಗಾಳಿ ಮೇಡಂ..." ಅಂದ.

"ಸರಿ, ನಾನೇ ಹೋಗ್ತೀನಿ. ನೀವು ಹೇಳಿದ್ದೆಲ್ಲ ಇದೆಯಾ ನೋಡ್ತೀನಿ" ಅಂತ ಅವರು ಹತ್ತಿಬಿಟ್ಟರು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೆ? ಗೂಡಿನಿಂದ ಓಡಿಬಂದು, "ಅಣ್ಣಾ, ಕುದುರೆ ಇಲ್ಲ. ಸುಳ್ಳು ಹೇಳಿದೆ. ನಿನ್ನ ಮೇಲಿನ ಸಿಟ್ಟಿಗೆ" ಅಂದೆ. ಬೈಯುತ್ತಾನೆ, ಹೊಡೆದರೂ ಸರಿಯೇ ಅಂತ ನಿಂತೆ.

ಅವನು ಬೈಯಲಿಲ್ಲ. "ಅಯ್ಯೋ ಪಾಪ! ಆಯಮ್ಮ ಅಲ್ಲಿ ಕುದುರೆ ಹುಡುಕ್ತಾ ನಿಂತಿರ್ತಾರಲ್ಲೇ!" ಅಂದವನೇ ಮೆಟ್ಟಿಲಿಗೆ ಕಾಲಿಟ್ಟ.

"ನಿನ್ನ ಮಂಡಿ..."

"ಮಂಡಿ ಹಾಳಾಗ್ಹೋಗ್ಲಿ. ನನ್ನ ಮಾತು ನಂಬಿ ಹೋದೋರು ಯಾವತ್ತೂ ಪೆಚ್ಚಾಗಿ ಇಳಿದಿಲ್ಲ."

ನೂರ ಎಂಬತ್ತೇಳು ಮೆಟ್ಟಿಲನ್ನು ಹೇಗೆ ಹತ್ತಿಸಿದೆನೋ ಆ ದೇವರಿಗೇ ಗೊತ್ತು. ಮುಂದೆ ಅವನು ಗೋಡೆ ಹಿಡಿದು, ಹಿಂದೆ ನಾನು ಅವನ ಬೆನ್ನು ನೂಕುತ್ತ. ಹತ್ತು ಮೆಟ್ಟಿಲಿಗೊಮ್ಮೆ "ಅಮ್ಮಾ" ಅನ್ನುತ್ತಿದ್ದ. ನಲವತ್ತರ ಹತ್ತಿರ ನಾನು ತಪ್ಪಾಯ್ತು ಅಂದೆ. ತೊಂಬತ್ತರಲ್ಲಿ ಅವನು, "ಟಿಕೆಟ್ ಹರಿಯೋಳು ಅಂದಿದ್ದು ತಮಾಷೆಗೆ ಕಣೇ" ಅಂದ. "ಇಂಥ ತಮಾಷೆ ನಿನ್ನ ಹೆಂಡ್ತಿ ಹತ್ರ ಮಾಡು" ಅಂದೆ. ನೂರೈವತ್ತಕ್ಕೆ ಬರುವಷ್ಟರಲ್ಲಿ ನಾವು ಚಿಕ್ಕಂದಿನ ಜಗಳಗಳನ್ನೂ ಮುಗಿಸಿದ್ದೆವು.

ಮೇಲೆ ಆ ಅಧಿಕಾರಿ ನಿಜವಾಗಿಯೂ ಎಡಕ್ಕೆ ಬಗ್ಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ದಂಡೆಯನ್ನು ಹುಡುಕುತ್ತಿದ್ದರು. ಅಣ್ಣ ಕಂಬಿ ಹಿಡಿದು ಉಸಿರು ಸುಧಾರಿಸಿಕೊಂಡ. ತಲೆ ಎತ್ತಿದ. ಮೂರು ವರ್ಷದ ಮೇಲೆ ಅವನು ಅದನ್ನೆಲ್ಲ ನೋಡುತ್ತಿದ್ದ.

"ಇಷ್ಟೊಂದಿದೆ ಇನ್ನೂ," ಅಂದ ಮೆಲ್ಲಗೆ. "ನೀನು ಬರೀ ಸಮುದ್ರ ಅಂದೆಯಲ್ಲೇ ಪುಟ್ಟಿ."

ನನಗೆ ಅಳು ಬಂತು.

"ಕುದುರೆ ಎಲ್ರೀ?" ಅಂದರು ಅಧಿಕಾರಿ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಬೆಳಗ್ಗೆ ಇತ್ತು ಮೇಡಂ. ನನ್ನ ತಂಗಿ ನೋಡಿದ್ದಾಳೆ. ಅವಳು ನೋಡಿದೆ ಅಂದ್ರೆ ಇತ್ತು ಅಂತಲೇ" ಅಂದ.

"ಇರ್ಲಿಲ್ಲ ಮೇಡಂ!" ಅಂತ ನಾನು ಕೂಗಿದೆ. "ಕುದುರೆ ನಾನು ಕಟ್ಟಿದ್ದು. ಇವನು ಮೇಲೆ ಬಂದು ಮೂರು ವರ್ಷ ಆಯ್ತು. ತಪ್ಪು ನಂದು, ಇವನ ಕೆಲಸ ತೆಗೀಬೇಡಿ."

ಅವರು ನಮ್ಮ ಕಡೆ ತಿರುಗಿದರು. "ಕೆಳಗೆ ನೀವು ಮಾತಾಡಿದ್ದೆಲ್ಲ ಇಲ್ಲಿಗೇ ಕೇಳಿಸಿದೆ. ಈ ಗೋಪುರದಲ್ಲಿ ಗುಟ್ಟು ಮಾತಾಡೋದಕ್ಕೆ ಆಗಲ್ಲ ಅಂತ ಇಷ್ಟು ವರ್ಷದಲ್ಲಿ ನಿಮಗೆ ಗೊತ್ತಾಗಲಿಲ್ವಾ?" ಅಂದರು. ಆಮೇಲೆ ಮತ್ತೊಮ್ಮೆ ದಂಡೆಯತ್ತ ನೋಡಿದರು. "ಬೇರೆ ಕಡೆ ಆ ಯಂತ್ರ ಹಾಕಿ ನೋಡಿದ್ದೀನಿ. ಜನ ಅರ್ಧಕ್ಕೇ ಕಿವಿಯಿಂದ ಕಿತ್ತು ಕೊಡ್ತಾರೆ. ಇಲ್ಲಿ ನೋಡಿ, ಕುದುರೆ ಇಲ್ಲ ಅಂತ ಕೇಳಿಸಿದ ಮೇಲೂ ನಾನು ಅರ್ಧ ಗಂಟೆಯಿಂದ ಅದನ್ನೇ ಹುಡುಕ್ತಿದ್ದೀನಿ. ಆದ್ರೆ ನಿಯಮ ನಿಯಮವೇ. ಗೈಡ್ ಅಂದ್ರೆ ಮೇಲೆ ಜನರ ಜೊತೆ ಇರಬೇಕು. ಇವರು ದಿನಾ ಹತ್ತೋದಕ್ಕೆ ಆಗುತ್ತಾ?"

ಅಣ್ಣ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ.

"ನಾನು ಇರ್ತೀನಿ ಮೇಡಂ ಮೇಲೆ. ಹೇಗೂ ದಿನಾ ಬರ್ತೀನಿ. ಕೆಳಗೆ ಇವನು ಟಿಕೆಟ್ ಹರೀತಾ ಕಥೆ ಹೇಳ್ಲಿ. ಅದಕ್ಕೇನು ತಲೆ ಬೇಕಾ?"

ಅಣ್ಣ ನನ್ನನ್ನು ಗುರಾಯಿಸಿದ. ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕಾಗದದಲ್ಲಿ ಏನೋ ಬರೆದು, "ಇಬ್ಬರೂ ಜಾಗ ಬದಲಾಯಿಸಿಕೊಳ್ಳಿ. ಯಂತ್ರ ಬೇಡ" ಅಂದರು.

ಇಳಿಯುವಾಗ ಅಣ್ಣ ಒಂದೊಂದು ಮೆಟ್ಟಿಲಿಗೂ ಕೂತು ಕೂತು ಇಳಿದ. ಅದೊಂದು ಬೇರೆಯೇ ಕಥೆ.

ಈಗ ಟಿಕೆಟ್ಟಿನ ಗೂಡಿನ ಮುಂದೆ ದಿನಾ ಉದ್ದ ಸಾಲು. ಒಂದು ಟಿಕೆಟ್ಟನ್ನೂ ಅವನಿಗೆ ನೆಟ್ಟಗೆ ಹರಿಯಲು ಬರುವುದಿಲ್ಲ, ಪ್ರತಿ ಸೀನಿಗೂ ಒಂದು ಅಡ್ಡಡ್ಡ ಹರಿಯುತ್ತದೆ. ನಾನು ಗಾಳಿಯಲ್ಲಿ ಕಂಬಿ ಹಿಡಿದು ನಿಂತಿರುತ್ತೇನೆ. ಗುಟ್ಟು ನಿಲ್ಲದ ಆ ಗೋಪುರದಲ್ಲಿ ಅವನ ಧ್ವನಿ ಕೆಳಗಿನಿಂದ ನೇರ ನನ್ನ ಕಿವಿಗೇ ಬರುತ್ತದೆ:

"ಮೇಲೆ ನನ್ನ ತಂಗಿ ಇದ್ದಾಳೆ. ಮೂರು ವರ್ಷ ನಾನು ಅವಳ ಕಣ್ಣಲ್ಲೇ ಸಮುದ್ರ ನೋಡಿದ್ದು. ಅವಳು ಏನು ಹೇಳಿದ್ರೂ ನಂಬಿ. ಕುದುರೆ ವಿಷಯ ಒಂದು ಮಾತ್ರ ಕೇಳಬೇಡಿ."

ಮೇಲೆ ಬಂದವರು ಮೊದಲು ಕೇಳುವುದೇ ಅದನ್ನು.